ಬೂದಿಯ ಪ್ರಮಾಣ

ಪ್ರಮಾಣವೆಂಬ ಒಂದೇ ಶಬ್ದವು ನಮ್ಮ ನುಡಿಯಲ್ಲಿ ಮೂರು ಕೆಲಸಗಳನ್ನು ಮಾಡುತ್ತಿರುವುದು. ವಸ್ತುವಿನ ಅಳತೆಗೆ ಪ್ರಮಾಣವೆನ್ನುವೆವು. ನಿಜವನ್ನು ತಿಳಿಯುವ ಸಾಧನಕ್ಕೂ, ನೈಯಾಯಿಕರ ಮತವನ್ನನುಸರಿಸಿ, ಪ್ರಮಾಣವೆಂದೇ ಹೇಳುವೆವು. ನ್ಯಾಯಸ್ಥಾನದಲ್ಲಿ ನಿಂತು ಸತ್ಯವನ್ನೇ ನುಡಿಯುವೆನೆಂದು ಇಡುವ ಆಣೆಗೂ ಅದೇ ಹೆಸರು. ನಿತ್ಯವ್ಯವಹಾರದಲ್ಲಿ ಈ ಮೂರು ಅರ್ಥಗಳೂ ತಮ್ಮ ತಮ್ಮ ದಾರಿಯಲ್ಲಿ ನಡೆಯುವುವು. ಅಂಗಡಿಯ ಸೇರಿಗೂ ಗೌತಮನ ಸೂತ್ರಗಳಿಗೂ ಯಾರೂ ಸಂಬಂಧವನ್ನು ಕಲ್ಪಿಸುವುದಿಲ್ಲ. ಆದರೆ ಕಳೆದ ಶತಮಾನದ ನಡುವಿನಲ್ಲಿ ಶಾಂತಸಾಗರದ ಕೆಲವು ಪುಟ್ಟ ದ್ವೀಪಗಳ ಮೇಲೆ ಬಿದ್ದ ಬೂದಿಯ ವಿಷಯದಲ್ಲಿ ಈ ಮೂರೂ ಒಂದೆಡೆ ಬಂದು ಸೇರಿದುವು. ಎಷ್ಟು ಬಿದ್ದಿತು? ಅಷ್ಟು ಬಿದ್ದಿತೆಂದು ತಿಳಿದ ಬಗೆ ಯಾವುದು? ಯಾರ ಮಾತನ್ನು ನಂಬಿ ಹಾಗೆಂದು ನಿಶ್ಚಯಿಸಬೇಕು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದರಲ್ಲಿ ವಿಜ್ಞಾನಿಗಳು ಅರ್ಧ ಶತಮಾನಕ್ಕೂ ಮಿಕ್ಕ ಕಾಲವನ್ನು ಕಳೆದಿರುವರು. ಆ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಶಾಂತಸಾಗರದ ಮಧ್ಯದಲ್ಲಿ ಮಾರ್ಷಲ್ ದ್ವೀಪಗಳೆಂಬ ಒಂದು ಸಮೂಹವುಂಟು. ಇವು ಬೆಟ್ಟಗುಡ್ಡಗಳುಳ್ಳ ದ್ವೀಪಗಳಲ್ಲ. ಹವಳದ ಹುಳುಗಳು ಸಾವಿರಾರು ವರ್ಷಗಳಿಂದ ಕಟ್ಟಿದ ದಿಬ್ಬಗಳು ಬಳೆಯಾಕಾರದಲ್ಲಿ ನೀರಿನಿಂದ ಕೆಲವೇ ಅಡಿ ಮೇಲೆದ್ದು, ನಡುವೆ ಒಂದು ಉಪ್ಪುನೀರಿನ ಸರೋವರವನ್ನು ಸುತ್ತುವರಿದು ನಿಂತಿರುವುವು. ಇಂತಹ ದ್ವೀಪವಲಯಗಳು ಅಲ್ಲಿ 29. ಒಂಟಿ ದ್ವೀಪಗಳು 5. ತೆಂಗು, ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಮರ, ಕೇದಗೆಯ ಜಾತಿಯ ಪಾಂಡನಸ್, ಸಮುದ್ರದ ಮೀನು ಇವೇ ಅಲ್ಲಿಯ ಜನರ ಜೀವನಾಧಾರ. ಮಳೆಯ ನೀರನ್ನು ತೊಟ್ಟಿಗಳಲ್ಲಿ ಹಿಡಿದು ಕುಡಿಯುವರು. ಈ ದ್ವೀಪಗಳು ಮೊದಲು ಜರ್ಮನರ ಕೈಯಲ್ಲಿಯೂ ತರುವಾಯ ಜಪಾನೀಯರ ಕೈಯಲ್ಲಿಯೂ ಇದ್ದು, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಶವಾದುವು. 1947ರಲ್ಲಿ ವಿಶ್ವಸಂಸ್ಥೆಯು ಇವುಗಳನ್ನು ನ್ಯಾಸವಾಗಿ, ಅಂದರೆ ಅಲ್ಲಿಯ ಜನರ ಹಿತಕ್ಕಾಗಿ ಕಾಪಾಡಬೇಕಾದ ಇಡುಗಂಟಾಗಿ, ಅಮೆರಿಕಕ್ಕೆ ಒಪ್ಪಿಸಿತು. ಈ ನ್ಯಾಸವೆಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಅದಕ್ಕೆ ಒಂದು ವರ್ಷ ಮೊದಲೇ, 1946ರ ಮಾರ್ಚಿಯಲ್ಲಿ, ಬಿಕಿನಿಯೆಂಬ ವಲಯದ 167 ಜನರನ್ನು ಅವರ ಮನೆಮಠಗಳಿಂದ ಎಬ್ಬಿಸಿ ರೊಂಗೆರಿಕ್ ಎಂಬ ಬಡ ದ್ವೀಪಕ್ಕೆ ಸಾಗಿಸಲಾಗಿತ್ತು. ಅದೇ ಜುಲೈಯಲ್ಲಿ ಬಿಕಿನಿಯ ಸರೋವರದಲ್ಲಿ ಎರಡು ಪರಮಾಣು ಬಾಂಬುಗಳು ಸಿಡಿಯಲ್ಪಟ್ಟುವು. ಅಂದಿನಿಂದ 1958ರ ವರೆಗೆ ಬಿಕಿನಿ, ಎನೆವೆಟಾಕ್ ಎಂಬೀ ಎರಡು ವಲಯಗಳಲ್ಲಿಯೂ ಅವುಗಳ ಆಸುಪಾಸಿನಲ್ಲಿಯೂ ಅಮೆರಿಕವು ನಡೆಯಿಸಿದ ಪರೀಕ್ಷೆಗಳ ಸಂಖ್ಯೆ 67. ಇವೆಲ್ಲವುಗಳ ಒಟ್ಟು ಶಕ್ತಿ ಸುಮಾರು 108 ಮೆಗಾಟನ್; ಅಂದರೆ ಹಿರೋಷಿಮಾ ನಗರವನ್ನು ಸುಟ್ಟ ಬಾಂಬಿನಂತಹವು ಏಳು ಸಾವಿರಕ್ಕೂ ಹೆಚ್ಚು. ಈ 67ರಲ್ಲಿ ಒಂದರ ಕಥೆಯೇ ಪ್ರಕೃತ ವಿಷಯಕ್ಕೆ ಮುಖ್ಯವಾದುದು. ಅದಕ್ಕೆ ಕ್ಯಾಸಲ್ ಬ್ರಾವೊ ಎಂದು ಹೆಸರು.

1954ನೆಯ ಇಸವಿ ಮಾರ್ಚಿ 1ರಂದು ಬೆಳಗ್ಗೆ 6 ಗಂಟೆ 45 ನಿಮಿಷಕ್ಕೆ ಬ್ರಾವೊ ಸಿಡಿಯಿತು. ಅದರ ಶಕ್ತಿ ಸುಮಾರು 6 ಮೆಗಾಟನ್ ಆಗುವುದೆಂದು ರಚಿಸಿದವರು ಎಣಿಸಿದ್ದರು. ಆದುದು 15 ಮೆಗಾಟನ್. ಬಾಂಬಿನಲ್ಲಿ ತುಂಬಿದ್ದ ಲಿಥಿಯಮ್ಮಿನಲ್ಲಿ ಎರಡು ಬಗೆಯ ಪರಮಾಣುಗಳಿದ್ದುವು. ಅವುಗಳಲ್ಲಿ 7 ಎಂಬ ಅಂಕದ್ದು ತಟಸ್ಥವಾಗಿರುವುದೆಂದು ಭಾವಿಸಿದ್ದರು. ಆದರೆ ಅದೂ ಒಡೆದು ಬೆಂಕಿಗೆ ತುಪ್ಪವಾಯಿತು. ಸ್ಫೋಟವು ಹವಳದ ದಿಬ್ಬದಲ್ಲಿ ಸುಮಾರು 2 ಕಿಲೋಮೀಟರು ಅಗಲದ ಕುಳಿಯನ್ನು ತೋಡಿತು. ಕುಳಿಯಲ್ಲಿದ್ದ ಹವಳವೆಲ್ಲವೂ ಪುಡಿಯಾಗಿ, ಆವಿಯಾಗಿ, ಮೋಡದೊಡನೆ 30 ಕಿಲೋಮೀಟರಿಗೂ ಮೇಲಕ್ಕೆ ಏರಿತು. ಅಲ್ಲಿ ಅದು ಬಾಂಬಿನ ಒಡೆದ ಪರಮಾಣುಗಳನ್ನು ಮೈಗೆ ಹತ್ತಿಸಿಕೊಂಡು, ತಣಿದು, ಬೆಳ್ಳಗಿನ ಬೂದಿಯಾಗಿ ಗಾಳಿ ಬೀಸಿದ ಕಡೆಗೆ ಉದುರತೊಡಗಿತು. ಗಾಳಿಯ ಲಕ್ಷಣವು ಅನುಕೂಲವಾಗಿಲ್ಲವೆಂದು ಹಿಂದಿನ ರಾತ್ರಿಯ ಸಮಾಲೋಚನೆಯಲ್ಲಿಯೇ ತಿಳಿದುಬಂದಿದ್ದಿತು. ಆದರೂ ಕೆಲಸ ನಿಲ್ಲಲಿಲ್ಲ.

ಬಿಕಿನಿಯ ಪೂರ್ವಕ್ಕೆ ನೂರು ಮೈಲಿಗೂ ಹೆಚ್ಚು ದೂರದಲ್ಲಿ ರೊಂಗೆಲಾಪ್ ದ್ವೀಪವಿರುವುದು. ಅಂದು ಅಲ್ಲಿ 64 ಜನರಿದ್ದರು. ಅವರ ಬಂಧುಗಳೇ ಆದ 18 ಮಂದಿ ಸಮೀಪದ ಐಲಿಂಗಿನೇ ವಲಯದ ಸಿಫೊ ದ್ವೀಪಕ್ಕೆ ಹೋಗಿದ್ದರು. ರೊಂಗೆರಿಕ್‌ನಲ್ಲಿ 28 ಜನ ಅಮೆರಿಕದ ಸೈನಿಕರು ಹವಾಮಾನದ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದರು. ಇನ್ನೂ ದೂರದಲ್ಲಿ, ಸುಮಾರು 300 ಮೈಲಿಯಾಚೆ, ಉಟಿರಿಕ್‌ನಲ್ಲಿ 157 ಜನರಿದ್ದರು. 1946ರ ಚಿಕ್ಕ ಬಾಂಬುಗಳ ಕಾಲದಲ್ಲಿ ರೊಂಗೆಲಾಪಿನವರನ್ನು ಮುನ್ನೆಚ್ಚರಿಕೆಯೆಂದು ಬೇರೆಡೆಗೆ ಸಾಗಿಸಿದ್ದರು. 1954ರಲ್ಲಿ ಯಾರೂ ಬಂದು ಏಳಿರೆನ್ನಲಿಲ್ಲ.

ಸ್ಫೋಟವಾದ ನಾಲ್ಕಾರು ಗಂಟೆಗಳ ಮೇಲೆ ರೊಂಗೆಲಾಪಿನಲ್ಲಿ ಬಿಳಿಯ ಪುಡಿ ಬೀಳತೊಡಗಿತು. ಅದು ತಲೆಗೂದಲಿಗೆ ಅಂಟಿತು, ಬೆವೆತ ಮೈಗೆ ಅಂಟಿತು, ನೀರಿನ ತೊಟ್ಟಿಗಳಲ್ಲಿ ಬಿದ್ದಿತು, ಬಿಸಿಲಿನಲ್ಲಿ ಒಣಗುತ್ತಿದ್ದ ಮೀನಿನ ಮೇಲೆ ಬಿದ್ದಿತು. ಮಕ್ಕಳು ಅದರಲ್ಲಿ ಆಡಿದರು. ಸಂಜೆಯ ಹೊತ್ತಿಗೆ ಮೈ ತುರಿಕೆ, ಓಕರಿಕೆ, ಕಣ್ಣುರಿ ಕಾಣಿಸಿಕೊಂಡುವು. ಮರುದಿನ ಒಂದು ಸಮುದ್ರವಿಮಾನವು ಬಂದಿಳಿಯಿತು. ಅದರಿಂದಿಳಿದ ಇಬ್ಬರು ಅಳತೆಯ ಯಂತ್ರಗಳನ್ನು ಹಿಡಿದು ನೋಡಿ, ನೀರನ್ನು ಕುಡಿಯಬೇಡಿರೆಂದು ಹೇಳಿ, ಸ್ವಲ್ಪ ಹೊತ್ತಿನಲ್ಲಿಯೇ ಹೊರಟುಹೋದರು. ಮಾರ್ಚಿ 3ರಂದು, ಸ್ಫೋಟದಿಂದ ಸುಮಾರು 50 ಗಂಟೆಗಳ ಮೇಲೆ, ಫಿಲಿಪ್ ಎಂಬ ಯುದ್ಧನೌಕೆಯು ಅವರನ್ನು ಕ್ವಾಜಲೀನ್‌ಗೆ ಕೊಂಡೊಯ್ದಿತು. ಉಟಿರಿಕ್‌ನವರನ್ನು ಅದರ ಮರುದಿನ ಎಬ್ಬಿಸಿದರು. ಸೈನಿಕರನ್ನಾದರೋ ಇವರೆಲ್ಲರಿಗಿಂತ ಮೊದಲೇ, 28ರಿಂದ 34 ಗಂಟೆಗಳೊಳಗೆ, ತೆಗೆದುಕೊಂಡು ಹೋಗಿದ್ದರು. ಮಾರ್ಚಿ 11ರಂದು ಅಮೆರಿಕದ ಪರಮಾಣುಶಕ್ತಿ ಆಯೋಗವು ಒಂದು ಪ್ರಕಟಣೆಯನ್ನು ಹೊರಡಿಸಿ, 28 ಮಂದಿ ಅಮೆರಿಕನರಿಗೂ 236 ಮಂದಿ ದ್ವೀಪವಾಸಿಗಳಿಗೂ ಅನಿರೀಕ್ಷಿತವಾಗಿ ಸ್ವಲ್ಪ ವಿಕಿರಣ ತಗುಲಿತೆಂದೂ, ಯಾರಿಗೂ ಸುಟ್ಟ ಗಾಯಗಳಾಗಿಲ್ಲವೆಂದೂ, ಎಲ್ಲರೂ ಕ್ಷೇಮವೆಂದೂ ತಿಳಿಸಿತು. ಅದಾದ ಕೆಲವೇ ದಿನಗಳಲ್ಲಿ ರೊಂಗೆಲಾಪಿನವರ ಕೊರಳು, ಪಾದಗಳ ಮೇಲೆ ಹುಣ್ಣುಗಳೆದ್ದು, ತಲೆಗೂದಲು ಉದುರತೊಡಗಿತು.

ಈಗ ಮೊದಲನೆಯ ಪ್ರಶ್ನೆ: ಇವರ ಮೈಗೆ ತಗುಲಿದುದೆಷ್ಟು? ಪ್ರತ್ಯಕ್ಷಪ್ರಮಾಣವು ಇಲ್ಲಿ ಇಲ್ಲವೇ ಇಲ್ಲ. ಬೂದಿ ಬೀಳುವಾಗ ರೊಂಗೆಲಾಪಿನಲ್ಲಿ ಒಂದು ಯಂತ್ರವೂ ಇರಲಿಲ್ಲ. ವಿಕಿರಣವನ್ನು ದಾಖಲಿಸುವ ಫಿಲ್ಮು ಬಿಲ್ಲೆಯು ಒಬ್ಬರ ಎದೆಯ ಮೇಲೂ ಇರಲಿಲ್ಲ. ರೊಂಗೆರಿಕ್‌ನ ಸೈನಿಕರ ಬಳಿ ಒಂದು ಯಂತ್ರವಿದ್ದಿತು. ಗಂಟೆಗೆ 100 ಮಿಲಿರಾಂಟ್‌ಜೆನ್ ಎಂಬ ಅದರ ಕೊನೆಯ ಗೆರೆಯನ್ನು ಮುಳ್ಳು ಮುಟ್ಟಿ ನಿಂತುಬಿಟ್ಟಿತು. ನಮ್ಮ ಕೊಳಗಕ್ಕೆ ಹಿಡಿಯದಷ್ಟು ರಾಶಿ ಬಂದಿದೆಯೆಂದಷ್ಟೆ ಅದರಿಂದ ತಿಳಿಯುವುದು. ರಾಶಿ ಎಷ್ಟೆಂಬುದು ತಿಳಿಯುವುದಿಲ್ಲ.

ಆದುದರಿಂದ ಅನುಮಾನಕ್ಕೇ ಶರಣು ಹೋಗಬೇಕಾಯಿತು. ನ್ಯಾಯಶಾಸ್ತ್ರದಲ್ಲಿ ಶೇಷವತ್ ಎಂಬ ಒಂದು ಬಗೆಯ ಅನುಮಾನವನ್ನು ಹೇಳಿರುವರು. ಹೊಳೆಯಲ್ಲಿ ನೀರು ಉಕ್ಕಿ ಬರುವುದನ್ನು ಕಂಡು ಮೇಲುಸೀಮೆಯಲ್ಲಿ ಮಳೆಯಾಗಿರಬೇಕೆಂದು ತಿಳಿಯುವುದು ಅದಕ್ಕೆ ಉದಾಹರಣೆ. ಕಾರ್ಯದಿಂದ ಕಾರಣಕ್ಕೆ ಹೋಗುವ ದಾರಿಯಿದು. ಮಾರ್ಚಿ ತಿಂಗಳಿನಲ್ಲಿ ನೌಕಾಪಡೆಯವರು ಖಾಲಿಯಾದ ದ್ವೀಪಗಳಿಗೆ ಹಿಂದಿರುಗಿ ಹೋಗಿ, ನೆಲದಿಂದ ಹೊರಡುತ್ತಿದ್ದ ವಿಕಿರಣವನ್ನು ಅಳೆದರು. ಅಳೆದುದು ಉಳಿದುದನ್ನು, ತಿಳಿಯಬೇಕಾದುದು ಕಳೆದುದನ್ನು. ಇದಕ್ಕೆ ಒಂದು ಸೂತ್ರವುಂಟು. ಬಾಂಬಿನ ಬೂದಿಯು ಅನೇಕ ಧಾತುಗಳ ಮಿಶ್ರಣವಾದುದರಿಂದ ಅದರ ಉಗ್ರತೆಯು ಮೊದಲು ಬೇಗಬೇಗನೆ, ಆಮೇಲೆ ನಿಧಾನವಾಗಿ ಇಳಿಯುತ್ತ ಹೋಗುವುದು. ಸ್ಥೂಲವಾಗಿ ಹೇಳುವುದಾದರೆ, ಸ್ಫೋಟದಿಂದ ಕಳೆದ ಕಾಲವು ಏಳು ಮಡಿಯಾದಾಗ ಉಗ್ರತೆಯು ಹತ್ತರಲ್ಲೊಂದಾಗುವುದು. ಮೊದಲನೆಯ ಗಂಟೆಯಲ್ಲಿ 1000 ಇದ್ದುದು 7ನೆಯ ಗಂಟೆಗೆ 100, 49ನೆಯ ಗಂಟೆಗೆ 10. ರೊಂಗೆಲಾಪಿನವರನ್ನು ಹಡಗು ಹತ್ತಿಸಿದುದು ಸುಮಾರು 50ನೆಯ ಗಂಟೆಯಲ್ಲಿ. ಆಗ ಅವರ ಅಂಗಳದ ಉಗ್ರತೆಯು ಎಷ್ಟೇ ಇರಲಿ, ಮೊದಲ ದಿನದ ಮಧ್ಯಾಹ್ನ ಅದು ಹತ್ತುಪಟ್ಟು ಇದ್ದಿತೆಂದಾಯಿತು.

ಲೆಕ್ಕವು ಇಲ್ಲಿಗೇ ಮುಗಿಯುವುದಾಗಿದ್ದರೆ ತೊಡಕಿರುತ್ತಿರಲಿಲ್ಲ. ಆದರೆ ಬೂದಿಯು ಯಾವಾಗ ಬೀಳತೊಡಗಿತು, ಎಷ್ಟು ಹೊತ್ತು ಬಿದ್ದಿತು ಎಂಬುದನ್ನು ಸೂತ್ರವು ಹೇಳಲಾರದು. ಎಲ್ಲವೂ 5ನೆಯ ಗಂಟೆಯಲ್ಲಿ ಒಮ್ಮೆಲೇ ಬಿದ್ದಿತೆಂದಿಟ್ಟುಕೊಂಡು ಮೇಲಿನ ಸೂತ್ರದಂತೆ ಗುಣಿಸಿದರೆ, 50ನೆಯ ಗಂಟೆಯ ವರೆಗಿನ ಒಟ್ಟಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮೊದಲ ಐದು ಗಂಟೆಗಳಲ್ಲಿಯೇ ತಗುಲಿರುವುದು. ಬೂದಿಯು ತಡವಾಗಿ ಬಂದಿತೆಂದರೆ ಆ ಪಾಲು ಕರಗುವುದು. ಬಹಳ ಹೊತ್ತು ಸುರಿಯಿತೆಂದರೆ ಲೆಕ್ಕವು ಮತ್ತೊಂದಾಗುವುದು. ಹೀಗೆ ಕೆಲವು ಗಂಟೆಗಳ ನಿಶ್ಚಯದ ಮೇಲೆ ಜನರ ಆಯುಷ್ಯದ ಲೆಕ್ಕವೇ ನಿಂತಿದ್ದಿತು. 1956ರ ಹೊತ್ತಿಗೆ ಪ್ರಕಟವಾದ ಗಣನೆಯಲ್ಲಿ, ಹೊರಗಿನಿಂದ ಇಡೀ ಮೈಗೆ ತಗುಲಿದ ವಿಕಿರಣವು ರೊಂಗೆಲಾಪಿನಲ್ಲಿ 175, ಐಲಿಂಗಿನೇಯಲ್ಲಿ 69, ರೊಂಗೆರಿಕ್‌ನಲ್ಲಿ 78, ಉಟಿರಿಕ್‌ನಲ್ಲಿ 14 ರಾಡ್ ಎಂದು ಕೊಟ್ಟಿರುವರು. ರಾಡ್ ಎಂಬುದು ದೇಹವು ಹೀರಿದ ವಿಕಿರಣದ ಆ ಕಾಲದ ಮಾನ. ಈಗ ನೂರು ರಾಡುಗಳನ್ನು ಒಂದು ಗ್ರೇ ಎನ್ನುವರು. ಇಡೀ ಮೈಗೆ ಒಮ್ಮೆಗೇ 400 ರಾಡಿನಷ್ಟು ತಗುಲಿದರೆ, ಚಿಕಿತ್ಸೆಯಿಲ್ಲದವರಲ್ಲಿ ಸುಮಾರು ಅರ್ಧದಷ್ಟು ಜನ ಸಾಯುವರೆಂಬುದನ್ನು ತಿಳಿದರೆ 175ರ ಅರ್ಥವು ಸ್ಪಷ್ಟವಾಗುವುದು.

ಹೊರಗಿನಿಂದ ತಗುಲಿದುದು ಅರ್ಧ ಮಾತು. ಒಳಕ್ಕೆ ಹೋದುದೆಷ್ಟು? ಬೂದಿಯಲ್ಲಿ ಅಯೊಡೀನ್ ಇರುವುದು. ದೇಹವು ಅದನ್ನು ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ಕೂಡಿಹಾಕುವುದು. ಮಗುವಿನ ಗ್ರಂಥಿ ಪುಟ್ಟದಾದುದರಿಂದ ಅಷ್ಟೇ ಅಯೊಡೀನ್ ಅಲ್ಲಿ ಹೆಚ್ಚು ಹಾನಿಯನ್ನು ಮಾಡುವುದು. ಸ್ಫೋಟವಾದ ಎರಡು ವಾರಗಳ ಮೇಲೆ ದ್ವೀಪವಾಸಿಗಳ ಮೂತ್ರವನ್ನು ಒಟ್ಟಾಗಿ ಸಂಗ್ರಹಿಸಿ ಪರೀಕ್ಷಿಸಿದರು. ಅಷ್ಟರಲ್ಲಿ ಕಾಣಸಿಕ್ಕಿದುದು 131 ಎಂಬ ಅಂಕದ ಅಯೊಡೀನ್ ಮಾತ್ರ. ಅದರ ಅರ್ಧಾಯುಷ್ಯ 8 ದಿನ. ಆದರೆ ಬೂದಿಯೊಡನೆ ಬಂದಿದ್ದ ಅಂಕ 133ರ ಅರ್ಧಾಯುಷ್ಯ ಸುಮಾರು 21 ಗಂಟೆ, 135ರದು ಆರೂವರೆ ಗಂಟೆ. ಇವು ತಮ್ಮ ಕೆಲಸವನ್ನು ಮುಗಿಸಿ ಪರೀಕ್ಷಕರು ಬರುವ ಮೊದಲೇ ಮಾಯವಾಗಿದ್ದುವು. ಕಳ್ಳರಲ್ಲಿ ಹಿಂದುಳಿದ ಒಬ್ಬನನ್ನು ಹಿಡಿದು ಕಳುವಿನ ಮೊತ್ತವನ್ನು ಎಣಿಸಿದಂತಾಯಿತು. ಒಳಗಿನ ಹಾನಿಯು ಹೊರಗಿನದರ ಮುಂದೆ ಅಲ್ಪವೆಂದು ಮೊದಲ ವರದಿಗಳು ಭಾವಿಸಿದುವು.

ಈ ಅನುಮಾನವು ತಪ್ಪೆಂದು ತೋರಿಸಿದುದು ಯಾವ ಯಂತ್ರವೂ ಅಲ್ಲ, ಮಕ್ಕಳ ಕೊರಳು. 1963ರಲ್ಲಿ ರೊಂಗೆಲಾಪಿನ ಹನ್ನೆರಡು ವರ್ಷದ ಒಬ್ಬ ಬಾಲಕಿಯ ಥೈರಾಯ್ಡಿನಲ್ಲಿ ಗಂಟು ಕಾಣಿಸಿತು. ಬೂದಿ ಬಿದ್ದಾಗ ಹತ್ತು ವರ್ಷದೊಳಗಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಮುಂದಿನ ವರ್ಷಗಳಲ್ಲಿ ಇದೇ ಗತಿಯಾಯಿತು. ಒಂದು ವರ್ಷದ ಹಸುಳೆಗಳಾಗಿದ್ದ ಇಬ್ಬರು ಹುಡುಗರ ಗ್ರಂಥಿಗಳು ಒಣಗಿಹೋಗಿ ಅವರ ಬೆಳೆವಣಿಗೆಯೇ ಕುಂಠಿತವಾಯಿತು. ಕೇವಲ 14 ರಾಡ್ ಎಂದು ಬರೆದಿದ್ದ ಉಟಿರಿಕ್‌ನಲ್ಲಿಯೂ 1970ರ ದಶಕದಲ್ಲಿ ಎಣಿಸಿದುದಕ್ಕಿಂತ ಹೆಚ್ಚು ಜನರಿಗೆ ಥೈರಾಯ್ಡ್ ರೋಗ ಬಂದಿತು. ಕಾರ್ಯವು ಎದುರಿಗೆ ನಿಂತಿರುವಾಗ, ಕಾರಣವು ಅಲ್ಪವೆಂದ ಲೆಕ್ಕವನ್ನು ತಿದ್ದಲೇಬೇಕಾಯಿತು.

ಹೊಳೆಯ ದೃಷ್ಟಾಂತಕ್ಕೆ ನ್ಯಾಯಸೂತ್ರಗಳಲ್ಲಿಯೇ ಒಂದು ಆಕ್ಷೇಪವಿರುವುದು. ನೀರು ಉಕ್ಕಿದುದು ಮಳೆಯಿಂದಲೇ ಏಕೆ, ಕೆಳಗೆ ಅಡ್ಡಗಟ್ಟಿದುದರಿಂದಲೂ ಆಗಬಹುದಲ್ಲ ಎಂದು ಪೂರ್ವಪಕ್ಷಿಯ ಪ್ರಶ್ನೆ. ಬರಿಯ ಏರಿಕೆಯನ್ನು ನೋಡಬೇಡ, ನೊರೆ, ತರಗೆಲೆ, ಕಟ್ಟಿಗೆ, ಹಣ್ಣುಗಳು ತೇಲಿಬರುವುದನ್ನೂ ನೋಡು ಎಂದು ಸಮಾಧಾನ. ಅನುಮಾನವು ಕೆಡುವುದು ವಿಶೇಷಗಳನ್ನು ಬಿಟ್ಟಾಗ. ಬ್ರೂಕ್‌ಹೇವನ್ ಪ್ರಯೋಗಾಲಯದ ಲೆಸಾರ್ಡ್ ಮತ್ತು ಅವರ ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪುನರ್ಗಣನೆಯು ಈ ವಿಶೇಷಗಳನ್ನೇ ಹುಡುಕಿಕೊಂಡು ಹೋಯಿತು. ಹಳೆಯ ಮೂತ್ರಪರೀಕ್ಷೆಯ ಅಂಕಗಳನ್ನು ಅವರು ಮತ್ತೆ ಶೋಧಿಸಿದರು. ಅಂದಿನ ಗಾಳಿಯ ದಾಖಲೆಗಳಿಂದ ಬೂದಿಯ ದಾರಿಯನ್ನು ಗುಣಿಸಿದರು. ಶೇಖರಿಸಿಟ್ಟಿದ್ದ ಹಳೆಯ ಮಣ್ಣನ್ನು ಹೊರತೆಗೆದರು. ಅಯೊಡೀನ್‌ಗಳಲ್ಲಿ 129 ಎಂಬ ಅಂಕದ್ದು ಒಂದುಂಟು. ಅದರ ಅರ್ಧಾಯುಷ್ಯ ಒಂದೂವರೆ ಕೋಟಿ ವರ್ಷಗಳಿಗೂ ಹೆಚ್ಚು. ಕ್ಷಣಭಂಗುರವಾದ ಅಯೊಡೀನ್‌ಗಳೊಡನೆ ಅದೇ ಸ್ಫೋಟದಲ್ಲಿ ಹುಟ್ಟಿದ ಈ ಚಿರಂಜೀವಿಯು ಮಣ್ಣಿನಲ್ಲಿ ಎಷ್ಟು ಉಳಿದಿದೆಯೆಂದು ನ್ಯೂಟ್ರಾನುಗಳ ಸಹಾಯದಿಂದ ಕಂಡುಹಿಡಿದು, ಅದರ ಮೂಲಕ ಸತ್ತುಹೋದ ಸೋದರರ ಲೆಕ್ಕವನ್ನು ಕಟ್ಟಿದರು. ಶೇಷವತ್ ಎಂಬ ಹೆಸರಿಗೆ ಇದಕ್ಕಿಂತ ಒಪ್ಪುವ ಉದಾಹರಣೆಯು ದುರ್ಲಭ.

ಅವರಿಗೆ ಒದಗಿದ ನಾಲ್ಕನೆಯ ಸಾಕ್ಷಿಯು ಒಂದು ಮೀನುದೋಣಿ. ದೈಗೊ ಫುಕುರ್ಯು ಮಾರು ಎಂಬ ಜಪಾನೀ ದೋಣಿಯು ಆ ಬೆಳಗ್ಗೆ ಬಿಕಿನಿಯ ಪೂರ್ವದ ಸಮುದ್ರದಲ್ಲಿದ್ದಿತು. ಅದರಲ್ಲಿದ್ದ 23 ಮಂದಿಯ ಮೇಲೆ ಬೂದಿ ಸುರಿಯಿತು. ಮಾರ್ಚಿ 14ರಂದು ಅವರು ಯೈಜು ಬಂದರನ್ನು ಸೇರಿದಾಗ ಎಲ್ಲರೂ ರೋಗಿಗಳಾಗಿದ್ದರು. ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ಕುಬೊಯಾಮ ಐಕಿಚಿಯೆಂಬವರು ಸೆಪ್ಟೆಂಬರ್ 23ರಂದು ತೀರಿಕೊಂಡರು. ಜಪಾನೀ ಪತ್ರಿಕೆಗಳು ಆ ಪುಡಿಗೆ ಸಾವಿನ ಬೂದಿಯೆಂದು ಹೆಸರಿಟ್ಟುವು. ದೋಣಿಯಿಂದ ದೊರೆತ ಪುಡಿಯನ್ನು ತೋಕಿಯೋ ವಿಶ್ವವಿದ್ಯಾನಿಲಯದ ಕೆಂಜಿರೊ ಕಿಮುರಾ ಮೊದಲಾದವರು ವಿಶ್ಲೇಷಿಸಿ, ಅದರಲ್ಲಿದ್ದ ಧಾತುಗಳನ್ನು ಒಂದೊಂದಾಗಿ ಗುರುತಿಸಿದರು. ಅಮೆರಿಕವು ಬಾಂಬಿನ ರಚನೆಯನ್ನು ಗುಟ್ಟಾಗಿಟ್ಟಿದ್ದಿತು. ಆದರೆ 237 ಎಂಬ ಅಂಕದ ಯುರೇನಿಯಂ ಬೂದಿಯಲ್ಲಿ ಕಂಡುದರಿಂದ ರಚನೆಯ ಗುಟ್ಟಿನ ಒಂದು ತುದಿ ಹೊರಬಿದ್ದಿತು. ಬಚ್ಚಿಟ್ಟ ಮಾತನ್ನು ಬಿದ್ದ ಬೂದಿಯೇ ಹೇಳಿತು. ಆ ಬಡ ಬೆಸ್ತರು ತಂದ ಹಿಡಿ ಬೂದಿಯು 31 ವರ್ಷಗಳ ತರುವಾಯ ರೊಂಗೆಲಾಪಿನ ಮಕ್ಕಳ ಪರವಾಗಿ ಸಾಕ್ಷಿ ನುಡಿಯಿತು.

ಈ ನಾಲ್ಕು ಸಾಕ್ಷಿಗಳಿಂದ ಹೊರಟ ಫಲವಿದು: ಥೈರಾಯ್ಡ್ ಗ್ರಂಥಿಯು ಹೀರಿದ ವಿಕಿರಣವು ಸರಾಸರಿಯಾಗಿ ರೊಂಗೆಲಾಪಿನಲ್ಲಿ 2100, ಸಿಫೊದಲ್ಲಿ 670, ಉಟಿರಿಕ್‌ನಲ್ಲಿ 280 ರಾಡ್. ಅದು ಯಾವ ದಾರಿಯಿಂದ ಒಳಕ್ಕೆ ಹೋಯಿತು? ಉಸಿರಿನಿಂದಲ್ಲ, ತೊಟ್ಟಿಯ ನೀರಿನಿಂದಲೂ ಮುಖ್ಯವಾಗಿ ಅಲ್ಲ. ಬಯಲಿನಲ್ಲಿ ಬೇಯಿಸಿ ಬಯಲಿನಲ್ಲಿಯೇ ಉಂಡ ಆಹಾರದಿಂದ ಎಂದು ಅವರು ಊಹಿಸಿದರು. ಬೂದಿಯು ನೇರವಾಗಿ ಅಡುಗೆಯ ಮೇಲೆ, ಎಲೆಯ ಮೇಲೆ, ಉಣ್ಣುವ ಕೈಯ ಮೇಲೆ ಬಿದ್ದಿದ್ದಿತು. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನನ್ನ ಪ್ರಾರ್ಥನೆ. ಅಂದು ಒಲೆ ಹೂಡಿದ್ದುದು ಎಲ್ಲಿ, ಉಂಡುದು ಯಾವ ಹೊತ್ತಿನಲ್ಲಿ, ಕೈ ತೊಳೆದರೆ ಇಲ್ಲವೆ, ಎಳೆಯ ಮಗುವಿಗೆ ಏನನ್ನು ತಿನ್ನಿಸಿದರು, ಇವೆಲ್ಲವೂ ರೊಂಗೆಲಾಪಿನ ಮನೆಮನೆಯ ತಾಯಂದಿರಿಗೆ ಮಾರ್ಚಿ 1ರ ಸಂಜೆಯೇ ತಿಳಿದಿದ್ದ ಸಂಗತಿಗಳು. ನಮ್ಮ ತಾರ್ಕಿಕರು ಶಬ್ದವನ್ನು, ಎಂದರೆ ಆಪ್ತರ ಮಾತನ್ನು, ಒಂದು ಪ್ರಮಾಣವೆಂದು ಎಣಿಸಿರುವರು. ವಿಷಯವನ್ನು ಸಾಕ್ಷಾತ್ತಾಗಿ ಅರಿತು ಅದನ್ನು ಅರಿತಂತೆ ಹೇಳುವವನೇ ಆಪ್ತ. ಆ ಲಕ್ಷಣದಲ್ಲಿ ಆರ್ಯ ಮ್ಲೇಚ್ಛರೆಂಬ ಭೇದವಿಲ್ಲವೆಂದು ವಾತ್ಸ್ಯಾಯನನೇ ಹೇಳಿರುವನು. ಯಂತ್ರವಿಲ್ಲದ ಕಡೆ ಈ ಆಪ್ತರ ಮಾತಿಗೆ ಮೊದಲನೆಯ ಸ್ಥಾನವಿರಬೇಕಾಗಿದ್ದಿತು.

ಅವರು ಮಾತನಾಡದೆ ಇರಲಿಲ್ಲ. 1954ರ ಏಪ್ರಿಲ್‌ನಲ್ಲಿಯೇ ಮಾರ್ಷಲ್ ದ್ವೀಪಗಳ ಜನರು ವಿಶ್ವಸಂಸ್ಥೆಯ ನ್ಯಾಸಮಂಡಲಿಗೆ ಅರ್ಜಿಯನ್ನು ಕಳುಹಿಸಿ, ಈ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಬೇಡಿದರು. ಪರೀಕ್ಷೆಗಳು ಇನ್ನೂ ನಾಲ್ಕು ವರ್ಷ ನಡೆದುವು.

ಎರಡನೆಯ ಸಂಗತಿಯು ಎಲ್ಲೆಗಳದು. ಬೂದಿಯು ನಾಲ್ಕು ದ್ವೀಪಗಳನ್ನು ಆರಿಸಿಕೊಂಡು ಬೀಳಲಿಲ್ಲ. ಉಟಿರಿಕ್‌ಗೆ ಸಮೀಪದ ಐಲುಕ್‌ನಲ್ಲಿ ಸುಮಾರು 400 ಜನರಿದ್ದರು, ಅಲ್ಲಿಯೂ ಬೂದಿ ಬಿದ್ದಿತು, ಅವರನ್ನು ಎಬ್ಬಿಸಲಿಲ್ಲ. ಎಬ್ಬಿಸಲಿಲ್ಲವಾದುದರಿಂದ ಅವರು ಪೀಡಿತರ ಪಟ್ಟಿಯಲ್ಲಿಯೂ ಬರಲಿಲ್ಲ. 1987ರಲ್ಲಿ ಹ್ಯಾಮಿಲ್ಟನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು, ಅಪೀಡಿತವೆಂದು ಭಾವಿಸಿದ್ದ ವಲಯಗಳಲ್ಲಿಯೂ ಥೈರಾಯ್ಡಿನ ಗಂಟುಗಳುಂಟೆಂದೂ ಬಿಕಿನಿಯಿಂದ ದೂರ ಹೋದಂತೆ ಅವು ಕಡಿಮೆಯಾಗುವುವೆಂದೂ ಪ್ರಕಟಿಸಿದರು. ಆಮೇಲಿನ ಪರೀಕ್ಷೆಗಳಲ್ಲಿ ಈ ಸಂಬಂಧವು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ಪ್ರಶ್ನೆಯನ್ನು ಮತ್ತೆ ಮುಚ್ಚಿಡುವಂತಿರಲಿಲ್ಲ. 1990ರಿಂದ 1994ರ ವರೆಗೆ ಎಲ್ಲ ವಲಯಗಳ ಮಣ್ಣಿನಲ್ಲಿಯೂ ಸೀಸಿಯಂ 137ನ್ನು ಅಳೆದರು. ಇದರ ಅರ್ಧಾಯುಷ್ಯ 30 ವರ್ಷ. 40 ವರ್ಷಗಳ ಮೇಲೆಯೂ ಅದು ನೆಲದಲ್ಲಿ ಉಳಿದಿದ್ದಿತು.

ಇದನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸೈಮನ್, ಬೂವಿಲ್, ಲ್ಯಾಂಡ್ ಮೊದಲಾದವರು 2010ರಲ್ಲಿ ಸಮಗ್ರವಾದ ಗಣನೆಯನ್ನು ಹೊರತಂದರು. ರೊಂಗೆಲಾಪಿನ ಪ್ರೌಢರ ಥೈರಾಯ್ಡಿಗೆ ತಗುಲಿದುದು ಸುಮಾರು 760 ರಾಡ್, ಉಟಿರಿಕ್‌ನವರಿಗೆ 76, ದಕ್ಷಿಣದ ದ್ವೀಪಗಳವರಿಗೆ ಸುಮಾರು 1ರಿಂದ 3 ಎಂದು ಇದರ ನಿರ್ಣಯ. 1985ರ ಸರಾಸರಿಯಲ್ಲಿ ಮಕ್ಕಳೂ ಸೇರಿದ್ದರೆಂಬುದನ್ನು ನೆನೆದರೂ ಅಂಕಗಳು ಮತ್ತೊಮ್ಮೆ ಬದಲಾದುದು ಕಂಡುಬರುವುದು. 1948ರಿಂದ 1970ರ ನಡುವೆ ಅಲ್ಲಿ ಬದುಕಿದ್ದ ಸುಮಾರು 25,000 ಜನರಲ್ಲಿ, ಸಹಜವಾಗಿ ಬರಬಹುದಾದ 10,600 ಕ್ಯಾನ್ಸರುಗಳ ಮೇಲೆ ಬೂದಿಯಿಂದ ಹೆಚ್ಚಾಗಿ ಬರುವುವು ಸುಮಾರು 170 ಎಂದೂ ಅವರು ಎಣಿಸಿದರು. ರೊಂಗೆಲಾಪ್ ಮತ್ತು ಐಲಿಂಗಿನೇಗಳ 82 ಜನರಲ್ಲಿ ಬರುವ ಕ್ಯಾನ್ಸರುಗಳಲ್ಲಿ ಶೇಕಡ 55 ಬೂದಿಯ ಫಲ. ಉಟಿರಿಕ್‌ನಲ್ಲಿ ಶೇಕಡ 10.

ಈ 55ರ ಪಕ್ಕದಲ್ಲಿ ಪ್ರಾಮಾಣಿಕರಾದ ಆ ವಿಜ್ಞಾನಿಗಳು ಇನ್ನೊಂದು ಮಾತನ್ನೂ ಬರೆದಿರುವರು: ಅದು 28 ಇರಬಹುದು, 69 ಇರಬಹುದು. ಇದು ಅವರ ದೋಷವಲ್ಲ. ಅಳೆಯಬೇಕಾದ ದಿನ ಅಳೆಯದೆ ಹೋದುದರ ಶೇಷವೇ ಈ ಸಂದೇಹ. ಶೇಕಡ 55 ಎಂಬುದು ಸಮುದಾಯಕ್ಕೆ ಸಲ್ಲುವ ಮಾತು. ಒಬ್ಬ ಹೆಂಗಸು ತನ್ನ ಕೊರಳಿನ ಗಂಟನ್ನು ತೋರಿಸಿ ಇದು ಬೂದಿಯಿಂದಲೋ ದೈವದಿಂದಲೋ ಎಂದು ಕೇಳಿದರೆ ಅಂಕವು ಮೂಕವಾಗುವುದು. ಹಾಗಾದರೆ ಈ ಸಂದೇಹದ ಲಾಭವು ಯಾರಿಗೆ ಸಲ್ಲಬೇಕು? ಬೂದಿಯನ್ನು ಹಾರಿಸಿದವರಿಗೋ, ಅದು ಯಾರ ಮೇಲೆ ಬಿದ್ದಿತೋ ಅವರಿಗೋ?

ಮಾರ್ಷಲ್ ದ್ವೀಪಗಳು 1986ರಲ್ಲಿ ಅಮೆರಿಕದೊಡನೆ ಮಾಡಿಕೊಂಡ ಒಪ್ಪಂದದ ಫಲವಾಗಿ 1988ರಲ್ಲಿ ಅಲ್ಲಿ ಒಂದು ಪರಿಹಾರ ನ್ಯಾಯಮಂಡಲಿಯು ಸ್ಥಾಪಿತವಾಯಿತು. ಅದು ಈ ಪ್ರಶ್ನೆಯನ್ನು ನೇರವಾಗಿ ಬಿಡಿಸಿತು. ಪರೀಕ್ಷೆಗಳ ಕಾಲದಲ್ಲಿ ಆ ದ್ವೀಪಗಳಲ್ಲಿ ಯಾವುದರಲ್ಲಿಯೇ ಆಗಲಿ ಇದ್ದವನಿಗೆ, ಪಟ್ಟಿಯಲ್ಲಿರುವ ರೋಗ ಬಂದಿದ್ದರೆ, ಅದು ಬೂದಿಯಿಂದಲೇ ಬಂದಿತೆಂದು ಗ್ರಹಿಸತಕ್ಕದ್ದು; ನಿನಗೆ ಎಷ್ಟು ರಾಡ್ ತಗುಲಿತೆಂದು ಅವನನ್ನು ಕೇಳತಕ್ಕದ್ದಲ್ಲ. ಅಳತೆಯ ಭಾರವನ್ನು ದುರ್ಬಲನ ಹೆಗಲಿನಿಂದ ಇಳಿಸಿದ ಈ ನಿಯಮವು ಧರ್ಮಸಮ್ಮತವೆಂದು ನನಗೆ ತೋರುವುದು. ಆದರೆ ಅದರ ಕೈಯಲ್ಲಿದ್ದ ನಿಧಿಯು 15 ಕೋಟಿ ಡಾಲರ್ ಮಾತ್ರ. ವಿಧಿಸಿದ ಪರಿಹಾರವು ಅದಕ್ಕಿಂತ ಎಷ್ಟೋ ಮಡಿ ಹೆಚ್ಚಾಯಿತು. ಪೂರ್ಣ ಹಣವನ್ನು ಕಾಣದೆಯೇ ಅನೇಕರು ತೀರಿಕೊಂಡರು.

ತಪ್ಪಿದ ಲೆಕ್ಕದ ಮೇಲೆ ಊರು ಕಟ್ಟಿದುದಕ್ಕೆ ಎರಡು ನಿದರ್ಶನಗಳನ್ನು ಕೊಟ್ಟು ಮುಂದೆ ಸಾಗುವೆನು. 1957ರಲ್ಲಿ ರೊಂಗೆಲಾಪಿನವರನ್ನು ಅವರ ದ್ವೀಪಕ್ಕೆ ಮರಳಿ ಕರೆತಂದರು. 1985ರಲ್ಲಿ ಅವರು ಭಯದಿಂದ ತಾವಾಗಿಯೇ, ಅನ್ಯರ ಹಡಗನ್ನು ಬೇಡಿಕೊಂಡು, ಮೆಜಾಟೊ ಎಂಬ ದ್ವೀಪಕ್ಕೆ ವಲಸೆ ಹೋದರು. ಬಿಕಿನಿಯ ನೆಲವು ಕ್ಷೇಮವೆಂದು 1968ರಲ್ಲಿ ಸಾರಿ, ಹಲವು ಸಂಸಾರಗಳು ಹಿಂದಿರುಗಿದ ಮೇಲೆ, 1978ರಲ್ಲಿ ಮತ್ತೆ ಎಬ್ಬಿಸಬೇಕಾಯಿತು. ಅದಕ್ಕೆ ಕಾರಣ ತೆಂಗು. ಹವಳದ ಮಣ್ಣಿನಲ್ಲಿ ಪೊಟಾಸಿಯಂ ಬಹಳ ಕಡಿಮೆ. ಅದಕ್ಕಾಗಿ ಹಸಿದ ಮರಗಳು ಅದೇ ಗುಣದ ಸೀಸಿಯಮ್ಮನ್ನು ಹೀರಿ ಕಾಯಿಗಳಲ್ಲಿ ತುಂಬಿಕೊಂಡುವು. ತೆಂಗಿಲ್ಲದೆ ಅಡುಗೆಯೇ ಇಲ್ಲದ ನಮ್ಮ ಕರಾವಳಿಯ ಮನೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಕಿನಿಯ ಜನರು ಇಂದಿಗೂ ತಮ್ಮ ಊರನ್ನು ಸೇರಿಲ್ಲ.

ನಮ್ಮ ದೇಶಕ್ಕೂ ಈ ಚರಿತ್ರೆಯಲ್ಲಿ ಒಂದು ಪಾಲುಂಟು. ಬ್ರಾವೊದ ಸುದ್ದಿ ಹರಡಿದ ಒಂದು ತಿಂಗಳಲ್ಲಿ, 1954ರ ಏಪ್ರಿಲ್ 2ರಂದು, ಪ್ರಧಾನಿ ಜವಾಹರಲಾಲ ನೆಹರೂರವರು ಲೋಕಸಭೆಯಲ್ಲಿ, ಇಂತಹ ಪರೀಕ್ಷೆಗಳನ್ನು ಎಲ್ಲ ರಾಷ್ಟ್ರಗಳೂ ನಿಲ್ಲಿಸಿ ನಿಲ್ಲಬೇಕೆಂದು ಸೂಚಿಸಿದರು. ಅವರ ಪ್ರೇರಣೆಯಿಂದ ಡಿ. ಎಸ್. ಕೊಠಾರಿಯವರು ಸಿದ್ಧಪಡಿಸಿದ, ಪರಮಾಣುಸ್ಫೋಟಗಳ ಪರಿಣಾಮವನ್ನು ಕುರಿತ ಗ್ರಂಥವು 1956ರಲ್ಲಿ ಭಾರತ ಸರ್ಕಾರದಿಂದ ಪ್ರಕಟವಾಯಿತು. ಅದಾದ ಸುಮಾರು 60 ವರ್ಷಗಳ ಮೇಲೆ ಚಕ್ರವು ತಿರುಗಿತು. 2014ರಲ್ಲಿ ಮಾರ್ಷಲ್ ದ್ವೀಪಗಳ ಸರ್ಕಾರವು ಪರಮಾಣ್ವಸ್ತ್ರಗಳನ್ನುಳ್ಳ ಒಂಬತ್ತು ರಾಷ್ಟ್ರಗಳ ಮೇಲೆ, ನಿರಸ್ತ್ರೀಕರಣದ ಕರ್ತವ್ಯವನ್ನು ಪಾಲಿಸಿಲ್ಲವೆಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಅರ್ಜಿ ಹಾಕಿತು. ಆ ಒಂಬತ್ತರಲ್ಲಿ ಭಾರತವೂ ಒಂದು. 2016ರ ಅಕ್ಟೋಬರ್ 5ರಂದು, ಪಕ್ಷಗಳ ನಡುವೆ ವಿವಾದವೇ ಹುಟ್ಟಿರಲಿಲ್ಲವೆಂಬ ಕಾರಣದಿಂದ ನ್ಯಾಯಾಲಯವು ವಿಚಾರಣೆಗೆ ಎಡೆಯಿಲ್ಲವೆಂದಿತು. 1954ರಲ್ಲಿ ಅವರ ಪರವಾಗಿ ನುಡಿದ ದೇಶವು 2014ರಲ್ಲಿ ಅವರ ಎದುರು ಪ್ರತಿವಾದಿಯಾಗಿ ನಿಲ್ಲಬೇಕಾಗಿ ಬಂದುದು ನಮಗೆ ಯೋಚಿಸತಕ್ಕ ವಿಷಯವೇ ಸರಿ.

ಇಲ್ಲಿಗೆ ಈ ಕಥನವನ್ನು ಮುಗಿಸುವೆನು. ಬೂದಿಯ ಪ್ರಮಾಣವನ್ನು ನಿರ್ಣಯಿಸಲು ಶ್ರಮಿಸಿದ ವಿಜ್ಞಾನಿಗಳಲ್ಲಿ ಅನೇಕರು ಸತ್ಯಸಂಧರು. ಮೂತ್ರ, ಮಣ್ಣು, ಗಾಳಿ, ದೋಣಿ ಇವುಗಳಿಂದ ಅವರು ಕಟ್ಟಿದ ಅನುಮಾನವು ಬುದ್ಧಿಗೆ ಭೂಷಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಬುದ್ಧಿಯೆಲ್ಲ ಬೇಕಾದುದು ನ್ಯಾಸವಾಗಿ ಬಂದ ಜನರನ್ನು ಕಾಯಬೇಕಾದವರು ಕಾಯದೆ, ಅಳೆಯಬೇಕಾದ ಹೊತ್ತಿನಲ್ಲಿ ಅಳೆಯದೆ, ಎಲ್ಲರೂ ಕ್ಷೇಮವೆಂದು ಹೇಳಿಬಿಟ್ಟುದರಿಂದ. ಇಂತಹ ಕಡೆ ಲೆಕ್ಕಕ್ಕೆ ಸಿಕ್ಕಿದಷ್ಟೇ ನೋವು ಎಂದು ತಿಳಿಯುವುದು ಅನ್ಯಾಯವಾಗುವುದು. ಎಂದಾದರೂ, ಎಲ್ಲಿಯಾದರೂ, ಪ್ರಬಲರ ಕಾರ್ಯದಿಂದ ಎದ್ದ ಧೂಳು ದುರ್ಬಲರ ಅಂಗಳದಲ್ಲಿ ಬಿದ್ದಾಗ, ಅಂಗಳದವರ ಮಾತನ್ನು ಮೊದಲು ಕೇಳಿ, ಯಂತ್ರದ ಮಾತನ್ನು ಅದರ ಜತೆಯಲ್ಲಿಟ್ಟು ನೋಡುವುದು ವಿವೇಕಿಗಳ ಲಕ್ಷಣ. ಈ ಸಣ್ಣ ದ್ವೀಪಗಳ ಚರಿತ್ರೆಯಿಂದ ನಾನು ಕಲಿತುದು ಇಷ್ಟೇ; ವಾಚಕರು ತಮ್ಮ ವಿವೇಚನೆಯಿಂದ ಉಳಿದುದನ್ನು ತುಂಬಿಕೊಳ್ಳುವರೆಂದು ನಂಬಿರುವೆನು.